ಗುಡ್ಡದ ಕೇಪಳ ಅಂಗಳಕ್ಕೆ ಬರಲಿ

ವೈಶಾಖದ ಬಿಸಿಲಿಗೆ ಬಾವಿಯ ನೀರು ತಳ ಸೇರಿತೆಂದರೆ ಮನೆಯ ಹೂಗಿಡಗಳ ಪಾಡನ್ನು ಕೇಳುವವರಿರುವುದಿಲ್ಲ. ಕುಡಿಯುವುದಕ್ಕೆ, ದನಕರುಗಳಿಗೆ, ಅಡಿಕೆ ಸಸಿಗಳಿಗೆ ಹಂಚಿ ಮಿಕ್ಕ ನೀರಷ್ಟೇ ಅವುಗಳ ಪಾಲು. ಅದೂ ಎಷ್ಟೋ ಮನೆಗಳಲ್ಲಿ ಮಿಗುವುದಿಲ್ಲ. ನೀರಿಗಾಗಿ ಬಾಯಿಬಿಡದ, ವರ್ಷವಿಡೀ ಹಸುರಾಗಿರುವ, ಆಳೆತ್ತರವನ್ನು ಮೀರದ ಗಿಡ ಯಾವುದಾದರೂ ಇದೆಯೇ ಎಂಬ ಪ್ರಶ್ನೆ ಬೇಸಗೆ ಬಂದಾಗಲೆಲ್ಲ ನಮ್ಮ ಕಿವಿಗೆ ಬೀಳುತ್ತದೆ. ಇದೆ. ಅದನ್ನು ಅರಸಿಕೊಂಡು ಪೇಟೆಗೆ ಹೋಗಬೇಕಾದುದೂ ಇಲ್ಲ. ಮನೆಯ ಹಿಂದಿನ ಗುಡ್ಡೆಯಲ್ಲಿ, ಮುರಕಲ್ಲಿನ ಬಿರುಕಿನಲ್ಲಿ ಬೇರೂರಿ, ಉರಿಬಿಸಿಲಿನಲ್ಲಿಯೂ ಕೆಂಪು ಗೊಂಚಲುಗಳನ್ನು ಹೊತ್ತು ನಿಂತಿರುವ ಕೇಪಳವೇ ಆ ಗಿಡ.

ಹೀಗೆಂದಾಗ ಕೆಲವರು ನಗುವುದುಂಟು. ಕಾಡುಗಿಡವನ್ನು ಯಾರಾದರೂ ಅಂಗಳದಲ್ಲಿ ನೆಡುತ್ತಾರೆಯೇ, ಬೇಕಾದಾಗ ಗುಡ್ಡೆಗೆ ಹೋಗಿ ಹೂ ಕೊಯ್ದು ತಂದರಾಯಿತಲ್ಲ ಎಂಬುದು ಅವರ ವಾದ. ಗುಡ್ಡೆಯು ಗುಡ್ಡೆಯಾಗಿಯೇ ಉಳಿದಿದ್ದ ಕಾಲಕ್ಕೆ ಆ ಮಾತು ಸರಿಯಾಗಿತ್ತು. ಇಂದು ಕಾಸರಗೋಡಿನ ಗುಡ್ಡೆಗಳ ಸ್ಥಿತಿಯನ್ನು ಬಲ್ಲವರು ಹಾಗೆ ಹೇಳಲಾರರು. ಕೆಂಪುಕಲ್ಲಿನ ಕೋರೆಗಳು ಒಂದೆಡೆ, ರಬ್ಬರ್ ತೋಟಗಳು ಇನ್ನೊಂದೆಡೆ, ಮನೆ ನಿವೇಶನಕ್ಕಾಗಿ ನೆಲಸಮಗೊಂಡ ಪದವುಗಳು ಮತ್ತೊಂದೆಡೆ. ಸಾಲದುದಕ್ಕೆ ರಾಷ್ಟ್ರೀಯ ಹೆದ್ದಾರಿ 66ರ ವಿಸ್ತರಣೆಗಾಗಿ ಎಷ್ಟೋ ಗುಡ್ಡೆಗಳ ಪಕ್ಕೆಯನ್ನೇ ಸೀಳಲಾಗಿದೆ. ಇವುಗಳಲ್ಲಿ ಕೆಲವು ನಮಗೆ ಬೇಕಾದುವೇ. ಮನೆ ಬೇಡ, ಮಾರ್ಗ ಬೇಡ ಎಂದು ಯಾರೂ ಹೇಳುವಂತಿಲ್ಲ. ಆದರೆ ಯಂತ್ರ ಗುಡ್ಡೆಗೇರಿದಾಗ ಮೊದಲು ಉರುಳುವುದು ಯಾರ ಲೆಕ್ಕಕ್ಕೂ ಸೇರದ ಈ ಪೊದೆಗಳೇ ಎಂಬುದನ್ನು ನಾವು ಮರೆಯಬಾರದು. ಮರ ಕಡಿದರೆ ಕೇಳುವವರಿದ್ದಾರೆ. ಪೊದೆ ಹೋದರೆ ಕೇಳುವವರಿಲ್ಲ.

ಮೊದಲು ಗಿಡದ ಗುರುತನ್ನು ಹೇಳುತ್ತೇವೆ. ಒಣ ಗುಡ್ಡೆಯಲ್ಲಿ ಕೇಪಳವು ಸೊಂಟದೆತ್ತರದಿಂದ ಎದೆಯೆತ್ತರದವರೆಗೆ ಬೆಳೆದು ಬುಡದಿಂದಲೇ ಕವಲೊಡೆಯುತ್ತದೆ. ಒಳ್ಳೆಯ ಮಣ್ಣು ಸಿಕ್ಕಿದರೆ ಇನ್ನೂ ಮೇಲೇರುವುದುಂಟು. ಎಲೆ ದಪ್ಪ, ತೊಗಲಿನಂತೆ ಗಟ್ಟಿ, ಮೇಲ್ಮೈ ಮಿರುಗುವ ಹಸುರು. ಎರಡೆರಡು ಎಲೆಗಳು ಎದುರುಬದುರಾಗಿ, ತೊಟ್ಟಿಲ್ಲವೆಂಬಷ್ಟು ಕಾಂಡಕ್ಕೆ ಅಂಟಿಕೊಂಡಿರುತ್ತವೆ. ಆ ಎರಡು ಎಲೆಗಳ ನಡುವೆ, ಕಾಂಡದ ಮೇಲೆ, ಮುಳ್ಳಿನಂತೆ ಚೂಪಾದ ಪುಟ್ಟ ಎಸಳೊಂದು ಕಾಣುತ್ತದೆ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ವೃಂತಪರ್ಣವೆಂದು ಹೆಸರು. ಎದುರುಬದುರು ಎಲೆ ಮತ್ತು ನಡುವಣ ವೃಂತಪರ್ಣ, ಇವೆರಡೂ ಕಾಫಿಯ ಕುಟುಂಬದ ಲಕ್ಷಣ. ಕೊಡಗಿನ ಕಾಫಿಯೂ ನಮ್ಮ ಗುಡ್ಡೆಯ ಕೇಪಳವೂ ಒಂದೇ ಮನೆತನದವೆಂದು ಹೇಳಿದಾಗ ಮಕ್ಕಳು ನಂಬುವುದಿಲ್ಲ. ಎರಡರ ಗೆಲ್ಲುಗಳನ್ನೂ ಮೇಜಿನ ಮೇಲಿಟ್ಟು ತೋರಿಸಿದರೆ ತಾವೇ ಕಂಡುಕೊಳ್ಳುತ್ತಾರೆ.

ಹೂವಿನಲ್ಲಿ ಎಲ್ಲವೂ ನಾಲ್ಕು: ಎಸಳು ನಾಲ್ಕು, ಕೇಸರ ನಾಲ್ಕು. ಒಂದು ಅಂಗುಲಕ್ಕೂ ಮಿಕ್ಕಿ ಉದ್ದವಾದ, ಸೂಜಿಯಂತೆ ಸಣ್ಣಗಿನ ನಾಳದ ತಳದಲ್ಲಿ ಮಕರಂದವಿರುತ್ತದೆ. ಇಷ್ಟು ಆಳಕ್ಕೆ ನಾಲಗೆ ಚಾಚಬಲ್ಲುದು ಚಿಟ್ಟೆಯೇ ಹೊರತು ಸಾಮಾನ್ಯ ನೊಣವಲ್ಲ. ಆದುದರಿಂದ ಕೇಪಳ ಅರಳಿದಲ್ಲಿ ದೊಡ್ಡ ರೆಕ್ಕೆಯ ಚಿಟ್ಟೆಗಳು ನೆರೆಯುತ್ತವೆ. ಹೂವು ಉದುರಿದ ಮೇಲೆ ಬಟಾಣಿಯಷ್ಟು ದಪ್ಪದ ಕಾಯಿಯಾಗಿ, ಕೆಂಪಾಗಿ, ಕೊನೆಗೆ ಕಪ್ಪು ನೇರಳೆ ಬಣ್ಣಕ್ಕೆ ಹಣ್ಣಾಗುತ್ತದೆ. ಹಣ್ಣಿನ ಸಿಹಿಯನ್ನು ಹಕ್ಕಿಗಳೂ ಬಲ್ಲವು, ಗುಡ್ಡೆಯ ದಾರಿಯಲ್ಲಿ ಶಾಲೆಗೆ ನಡೆದು ಬಂದ ತಲೆಮಾರಿನವರೂ ಬಲ್ಲರು. ಹೂವಿನ ನಾಳವನ್ನು ಚೀಪಿ ಜೇನು ಸವಿಯುವುದು, ಒಂದು ಹೂವಿನ ನಾಳವನ್ನು ಇನ್ನೊಂದರ ಬಾಯಿಗೆ ತೂರಿಸಿ ನೂಲಿಲ್ಲದೆ ಮಾಲೆ ಮಾಡುವುದು, ಇವೆಲ್ಲ ಯಾವ ಪಠ್ಯಪುಸ್ತಕವೂ ಕಲಿಸದ ವಿದ್ಯೆಗಳು.

ನಮ್ಮ ನೆಲಕ್ಕೂ ಈ ಗಿಡಕ್ಕೂ ಇರುವ ನಂಟನ್ನು ತಿಳಿದುಕೊಂಡರೆ ಅದನ್ನು ಬೆಳೆಸುವ ಕ್ರಮ ತಾನಾಗಿಯೇ ಹೊಳೆಯುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆ ಮಳೆ ಯುಗಯುಗಾಂತರಗಳಿಂದ ಮಣ್ಣಿನ ಸುಣ್ಣವನ್ನೂ ಇತರ ಲವಣಗಳನ್ನೂ ತೊಳೆದೊಯ್ದು ಕಬ್ಬಿಣ ಮತ್ತು ಅಲ್ಯೂಮಿನಿಯಮ್ ಅಂಶಗಳನ್ನು ಮಾತ್ರ ಉಳಿಸಿದೆ. ಅದೇ ಮುರಕಲ್ಲು. ನೆಲದೊಳಗೆ ಮೆತ್ತಗಿದ್ದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವ ಈ ಕಲ್ಲನ್ನು 1800ರಲ್ಲಿ ಇತ್ತ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಸಮುದ್ರದಂಚಿನ ಬೇಕಲ ಕೋಟೆಯೂ ಇದೇ ಕಲ್ಲಿನದು. ಮಳೆಗಾಲದಲ್ಲಿ ನೀರು ಹರಿದುಹೋಗುವ, ಬೇಸಗೆಯಲ್ಲಿ ಕಾದ ಕಾವಲಿಯಂತಾಗುವ, ಹುಳಿಗುಣದ ಈ ನೆಲದಲ್ಲಿಯೇ ಕೇಪಳ ಹುಟ್ಟಿ ಬೆಳೆದುದು. ದಪ್ಪ ಎಲೆ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಬೇರು ಕಲ್ಲಿನ ಸಂದಿಯಲ್ಲಿ ಆಳಕ್ಕಿಳಿದು ತೇವವನ್ನು ಹುಡುಕುತ್ತದೆ. ಹೀಗಾಗಿ ಅದಕ್ಕೆ ಬೇಕಾದುದು ಎರಡೇ: ಹುಳಿಮಣ್ಣು ಮತ್ತು ಬಿಸಿಲು. ಅದಕ್ಕೆ ಆಗದವು ಎರಡು: ಸುಣ್ಣ ಮತ್ತು ನಿಂತ ನೀರು.

ಇನ್ನು ಬೆಳೆಸುವ ಕ್ರಮ. ಗುಡ್ಡೆಯಿಂದ ದೊಡ್ಡ ಗಿಡವನ್ನು ಕಿತ್ತು ತರುವುದು ಬೇಡವೆಂಬುದು ನಮ್ಮ ಮೊದಲ ವಿನಂತಿ. ಕಲ್ಲಿನ ಸಂದಿಯಿಂದ ಬೇರು ಇಡಿಯಾಗಿ ಬರುವುದಿಲ್ಲ. ಅರ್ಧ ಬೇರಿನ ಗಿಡ ಅಂಗಳದಲ್ಲಿ ಒಣಗುತ್ತದೆ, ಗುಡ್ಡೆಯಲ್ಲಿಯೂ ಇಲ್ಲವಾಗುತ್ತದೆ. ಯಂತ್ರ ನಾಳೆಯೇ ಬರುವುದೆಂದು ಗೊತ್ತಿರುವ ಜಾಗವಾದರೆ ಮಾತ್ರ ಮಳೆಗಾಲದಲ್ಲಿ ಸಣ್ಣ ಸಸಿಗಳನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ ತರಬಹುದು. ಉಳಿದಂತೆ ಗೆಲ್ಲು ಮತ್ತು ಬೀಜ, ಇವೆರಡೇ ಸಜ್ಜನರ ದಾರಿ.

ಗೆಲ್ಲು ನೆಡಲು ಜೂನ್, ಜುಲೈ ತಿಂಗಳುಗಳು ಪ್ರಶಸ್ತ. ತೀರ ಎಳೆಯದೂ ಅಲ್ಲದ, ಮರವಾಗಿ ಬಲಿತುದೂ ಅಲ್ಲದ, ಪೆನ್ಸಿಲಿನ ದಪ್ಪದ ಗೆಲ್ಲನ್ನು ಆರಿಸಿ ನಾಲ್ಕರಿಂದ ಆರು ಅಂಗುಲ ಉದ್ದಕ್ಕೆ ಗಂಟಿನ ಕೆಳಗೆ ಓರೆಯಾಗಿ ಕತ್ತರಿಸಬೇಕು. ಕೆಳಗಿನ ಎಲೆಗಳನ್ನು ತೆಗೆದು, ಮೇಲಿನ ಒಂದು ಜೊತೆಯನ್ನು ಅರ್ಧಕ್ಕೆ ಕತ್ತರಿಸಿ ಉಳಿಸಿಕೊಳ್ಳಬೇಕು. ಹೊಳೆಯ ಮರಳು ಮತ್ತು ಕೆಂಪುಮಣ್ಣನ್ನು ಸಮಪಾಲಿನಲ್ಲಿ ಬೆರೆಸಿ ತುಂಬಿದ ತೊಟ್ಟೆಯಲ್ಲಿಯೋ ಒಡೆದ ಮಡಕೆಯಲ್ಲಿಯೋ ಅದನ್ನು ಊರಿ, ಮಳೆಯ ಹನಿ ನೇರವಾಗಿ ಬಡಿಯದ ನೆರಳಿನಲ್ಲಿಟ್ಟರೆ ಆರರಿಂದ ಎಂಟು ವಾರಗಳಲ್ಲಿ ಬೇರೊಡೆಯುತ್ತದೆ. ಹತ್ತು ಗೆಲ್ಲು ಊರಿದರೆ ಹತ್ತೂ ಬದುಕುವುವೆಂದು ಲೆಕ್ಕ ಹಾಕಬಾರದು. ಬೇಕಾದುದರ ಎರಡರಷ್ಟು ಊರುವುದು ಜಾಣತನ. ಬೀಜದಿಂದ ಬೆಳೆಸುವವರು ಕಪ್ಪಾದ ಹಣ್ಣನ್ನು ಹಿಚುಕಿ, ತಿರುಳನ್ನು ತೊಳೆದು, ಒಣಗಲು ಬಿಡದೆ ಬಿತ್ತಬೇಕು. ಮೊಳಕೆ ನಿಧಾನ, ಹೂವು ಇನ್ನೂ ನಿಧಾನ. ಆದರೆ ಬೀಜದ ಗಿಡದ ಬೇರು ಆಳಕ್ಕಿಳಿಯುವುದರಿಂದ ಬೇಸಗೆಗೆ ಅದೇ ಗಟ್ಟಿ.

ನೆಲಕ್ಕೆ ನೆಡುವುದು ಮರುವರ್ಷದ ಮೊದಲ ಮಳೆಗೆ. ಒಂದೂವರೆ ಅಡಿ ಉದ್ದಗಲ ಆಳದ ಗುಂಡಿ ಸಾಕು. ಮುರವಿದ್ದಲ್ಲಿ ಪಿಕ್ಕಾಸಿನಿಂದ ತಳವನ್ನು ಒಡೆದು ಬಿರುಕು ಮಾಡಿಕೊಡಬೇಕು. ಇಲ್ಲವಾದರೆ ಗುಂಡಿಯೇ ಬಾನಿಯಾಗಿ ನೀರು ನಿಲ್ಲುತ್ತದೆ. ಕೆಂಪುಮಣ್ಣು, ಕೊಳೆತ ತರಗೆಲೆ, ಹಳೆಯ ಹಟ್ಟಿಗೊಬ್ಬರ ಇವನ್ನು ಬೆರೆಸಿ ತುಂಬಬೇಕು. ಬೇಲಿಯಂತೆ ಸಾಲಾಗಿ ಬೇಕಾದರೆ ಗಿಡದಿಂದ ಗಿಡಕ್ಕೆ ಎರಡು ಅಡಿ. ಒಂಟಿಯಾಗಿ ಪೊದೆಗಟ್ಟಬೇಕಾದರೆ ನಾಲ್ಕು ಅಡಿ. ಬುಡಕ್ಕೆ ಒಣಸೊಪ್ಪಿನ ಹೊದಿಕೆ ವರ್ಷವಿಡೀ ಇರಲಿ.

ನೀರಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬರವನ್ನು ತಾಳುವ ಗಿಡವೆಂದರೆ ನೆಟ್ಟ ದಿನದಿಂದಲೇ ನೀರು ಬೇಡದ ಗಿಡವೆಂದು ಅರ್ಥವಲ್ಲ. ತಾಳುವ ಶಕ್ತಿ ಇರುವುದು ಬೇರಿನಲ್ಲಿ. ಬೇರು ಇಳಿಯುವವರೆಗೆ ಕೇಪಳವೂ ಕೂಸೇ. ಮೊದಲ ಬೇಸಗೆಯಲ್ಲಿ ವಾರಕ್ಕೆರಡು ಸಲ, ಎರಡನೆಯ ಬೇಸಗೆಯಲ್ಲಿ ವಾರಕ್ಕೊಂದು ಸಲ ಬುಡ ತೋಯುವಂತೆ ನೀರೆರೆಯಬೇಕು. ದಿನಾ ಚಿಮುಕಿಸುವ ನಾಲ್ಕು ಹನಿಯಿಂದ ಬೇರು ಮೇಲೆಯೇ ಉಳಿಯುತ್ತದೆ. ಅಪರೂಪಕ್ಕೆ ಎರೆದ ಕೊಡದ ನೀರು ಬೇರನ್ನು ಕೆಳಗೆ ಕರೆದೊಯ್ಯುತ್ತದೆ. ಮೂರನೆಯ ಬೇಸಗೆಯಿಂದ ಎಲೆ ಜೋಲುವುದು ಕಂಡಾಗ ಮಾತ್ರ ಕೊಟ್ಟರೆ ಸಾಕು.

ಇನ್ನು ಕೇಡುಗಳು. ಹೆಚ್ಚಿನವು ನಮ್ಮ ಕೈಯಿಂದಲೇ ಆಗುವವು. ಬಚ್ಚಲ ಒಲೆಯ ಬೂದಿಯನ್ನೂ ಸುಡುಮಣ್ಣನ್ನೂ ಎಲ್ಲ ಗಿಡಕ್ಕೂ ಹಾಕುವುದು ನಮ್ಮ ಕಡೆಯ ವಾಡಿಕೆ. ತೆಂಗಿಗೆ, ಬದನೆಗೆ ಅದು ಹಿತ, ಕೇಪಳಕ್ಕೆ ಅಹಿತ. ಬೂದಿ ಮಣ್ಣಿನ ಹುಳಿಯನ್ನು ಮುರಿಯುತ್ತದೆ. ಹುಳಿ ಮುರಿದಲ್ಲಿ ಕಬ್ಬಿಣದಂಶವು ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಸಿಮೆಂಟಿನ ಗೋಡೆಗೆ ತಾಗಿಸಿ ನೆಟ್ಟರೂ ಇದೇ ಗತಿ, ಏಕೆಂದರೆ ಮಳೆಯೊಂದಿಗೆ ಗೋಡೆಯ ಸುಣ್ಣ ಬುಡಕ್ಕಿಳಿಯುತ್ತದೆ. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿದರೆ ಕಬ್ಬಿಣದ ಕೊರತೆಯೆಂದು ತಿಳಿಯಬೇಕು. ಅಂಗಡಿಯಲ್ಲಿ ಸಿಗುವ ಅನ್ನಭೇದಿಯನ್ನು ಒಂದು ಲೀಟರ್ ನೀರಿಗೆ 5 ಗ್ರಾಂನಂತೆ ಕರಗಿಸಿ ಸಂಜೆಯ ಹೊತ್ತು ಎಲೆಗೆ ಚಿಮುಕಿಸಿದರೆ ತಾತ್ಕಾಲಿಕವಾಗಿ ಹಸುರು ಮರಳುತ್ತದೆ. ಶಾಶ್ವತ ಪರಿಹಾರವೆಂದರೆ ಗೋಡೆಯಿಂದ ಮೂರಡಿಯಾದರೂ ದೂರ ನೆಡುವುದು.

ಕಡಲತಡಿಯ ಮನೆಯವರಿಗೆ ಇನ್ನೊಂದು ಎಚ್ಚರಿಕೆ. ಉಪ್ಪಳ, ಕುಂಬಳೆ ಕಡೆಯ ಹೊಯಿಗೆ ನೆಲದಲ್ಲಿ ಚಿಪ್ಪಿನ ಚೂರು ಬೆರೆತಿದ್ದರೆ ಅಲ್ಲಿಯೂ ಸುಣ್ಣವಿದೆಯೆಂದೇ ಅರ್ಥ. ಅಂತಹ ಕಡೆ ಗುಂಡಿಯನ್ನು ಎರಡರಷ್ಟು ದೊಡ್ಡದು ಮಾಡಿ ಪೂರ್ತಿ ಕೆಂಪುಮಣ್ಣಿನಿಂದ ತುಂಬಬೇಕು. ಅಲೆಯ ತುಂತುರು ನೇರವಾಗಿ ಬಡಿಯುವ ಮುಂದಿನ ಸಾಲು ಕೇದಗೆಗೆ ಸಲ್ಲತಕ್ಕದ್ದು. ಕೇಪಳವು ಅದರ ಮರೆಯಲ್ಲಿ, ಎರಡನೆಯ ಸಾಲಿನಲ್ಲಿರಲಿ. ಉಪ್ಪುಗಾಳಿಯನ್ನು ಅದು ಸಹಿಸುತ್ತದೆ, ಉಪ್ಪುನೀರನ್ನಲ್ಲ. ಎಲೆಯ ಅಡಿಯಲ್ಲಿ ಶಲ್ಕಕೀಟಗಳು ಅಂಟಿ, ಇರುವೆಗಳು ಓಡಾಡಿ, ಎಲೆ ಮಸಿ ಬಳಿದಂತಾದರೆ ಬೇವಿನೆಣ್ಣೆಗೆ ಸ್ವಲ್ಪ ಸಾಬೂನು ನೀರು ಬೆರೆಸಿ ಚಿಮುಕಿಸಿದರೆ ಸಾಕು. ವಿಷದ ಔಷಧಿಗೆ ಕೈ ಹಾಕಬೇಕಾದುದಿಲ್ಲ, ಚಿಟ್ಟೆ ಬರುವ ಗಿಡಕ್ಕಂತೂ ಅದು ಸಲ್ಲದು.

ಕತ್ತರಿಯ ವಿಷಯ. ಹೂಗೊಂಚಲು ಬರುವುದು ಗೆಲ್ಲಿನ ತುದಿಯಲ್ಲಿ. ಸದಾ ಸಮತಟ್ಟಾಗಿ ಕತ್ತರಿಸುತ್ತಿದ್ದರೆ ಹಸುರು ಗೋಡೆಯೊಂದು ದೊರೆಯುತ್ತದೆಯೇ ಹೊರತು ಹೂವು ದೊರೆಯುವುದಿಲ್ಲ. ಬೇಸಗೆಯ ಹೂವು ಮುಗಿದ ಮೇಲೆ, ಮಳೆಗಾಲದ ಆರಂಭದಲ್ಲಿ, ವರ್ಷಕ್ಕೊಮ್ಮೆ ಮೂರನೆಯ ಒಂದು ಪಾಲು ಕತ್ತರಿಸಿದರೆ ಗಿಡ ತಗ್ಗಾಗಿಯೂ ಇರುತ್ತದೆ, ಹೊಸ ಚಿಗುರಿನ ತುದಿತುದಿಗೂ ಹೂವಾಗುತ್ತದೆ. ಕತ್ತರಿಸಿದ ಗೆಲ್ಲು ಗೊಬ್ಬರದ ಗುಂಡಿಗೆ ಹೋಗುವುದು ಬೇಡ. ಅದೇ ನೆರೆಮನೆಗೆ ಕೊಡುವ ಸಸಿ.

ಪೇಟೆಯ ನರ್ಸರಿಗಳಲ್ಲಿ ಕೇಪಳದ ಹೋಲಿಕೆಯ ಗಿಡಗಳು ಕುಂಡಗಳಲ್ಲಿ ದೊರೆಯುತ್ತವೆ. ಚೀನಾ ಮೂಲದ ಜಾತಿ, ಮಿಶ್ರತಳಿ, ಗಿಡ್ಡ ತಳಿ ಎಂದು ಹಲವು ಬಗೆ; ಬಣ್ಣವೂ ಹಳದಿ, ಗುಲಾಬಿ, ಕಿತ್ತಳೆ. ಅವನ್ನು ನಾವು ಹಳಿಯುವುದಿಲ್ಲ, ಚೆಲುವಾಗಿಯೇ ಇವೆ. ಆದರೆ ಗೊಬ್ಬರ, ನೀರು ನಿರಂತರವಾಗಿ ಬೇಕು, ಹಲವು ಬಗೆಗಳಲ್ಲಿ ಹಣ್ಣು ಕಾಣುವುದೂ ಅಪರೂಪ. ಚೀನಾ ಜಾತಿಯ ಎಸಳಿನ ತುದಿ ಉರುಟು, ನಮ್ಮ ಕೇಪಳದ ಎಸಳಿನ ತುದಿ ಚೂಪು. ಈ ಒಂದು ಗುರುತು ನೆನಪಿದ್ದರೆ ಕೊಳ್ಳುವಾಗ ಮೋಸವಾಗುವುದಿಲ್ಲ.

ನರ್ಸರಿಯ ಚೀಟಿಯಲ್ಲಿ ಈ ಗಿಡಗಳ ಹೆಸರು ‘ಇಕ್ಸೋರ’ ಎಂದಿರುತ್ತದೆ. ಆ ಹೆಸರಿನ ಹಿಂದೆ ಒಂದು ವಿಚಿತ್ರ ಕಥೆಯುಂಟು. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳನ್ನು ಕುರಿತು 12 ಸಂಪುಟಗಳ ‘ಹೊರ್ತುಸ್ ಮಲಬಾರಿಕುಸ್’ ಎಂಬ ಗ್ರಂಥವನ್ನು ಸಿದ್ಧಪಡಿಸಿದನು. ಅದು 1678ರಿಂದ 1693ರವರೆಗೆ ಆಮ್‌ಸ್ಟರ್ಡಾಮಿನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುದನ್ ಎಂಬ ನಾಟಿವೈದ್ಯರೂ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರೂ ಅದಕ್ಕೆ ನೆರವಾದರು. ಅದರಲ್ಲಿ ನಮ್ಮ ಕೇಪಳವು ಅದರ ಮಲೆಯಾಳದ ಹೆಸರಿನಿಂದಲೇ ದಾಖಲಾಗಿದೆ. ಮುಂದೆ 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಅದಕ್ಕೆ ‘ಇಕ್ಸೋರ ಕೊಕ್ಸೀನಿಯ’ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು. ಕೊಕ್ಸೀನಿಯ ಎಂದರೆ ಕಡುಗೆಂಪು. ಇಕ್ಸೋರ ಎಂಬುದು ಪೋರ್ಚುಗೀಸರ ಬಾಯಲ್ಲಿ ಮಾರ್ಪಟ್ಟ ನಮ್ಮ ‘ಈಶ್ವರ’. ಈಶ್ವರನ ಹೂವಾಗಿ ಈ ಕರಾವಳಿಯಿಂದ ಹಡಗೇರಿದ ಹೆಸರು, ಇಕ್ಸೋರವಾಗಿ ಮರಳಿ, ಇಂದು ನಮ್ಮ ಮಕ್ಕಳ ಕೈಗೆ ಬೆಲೆಚೀಟಿಯೊಂದಿಗೆ ಬರುತ್ತಿದೆ. ಗುಡ್ಡೆಯ ಕೇಪಳವೂ ಕುಂಡದ ಇಕ್ಸೋರವೂ ಒಂದೇ ಕುಲದವೆಂದು ತಿಳಿಯದ ಮಕ್ಕಳು ಪ್ರತಿ ತರಗತಿಯಲ್ಲಿಯೂ ನಮಗೆ ಸಿಗುತ್ತಾರೆ.

ಹೆಸರುಗಳ ಸಂಪತ್ತು ಈ ಗಿಡಕ್ಕೆ ಕಡಿಮೆಯೇನಲ್ಲ. ಕನ್ನಡದಲ್ಲಿ ಕೇಪಳ, ಕಿಸ್ಕಾರ, ಗುಡ್ಡೆ ದಾಸವಾಳ, ತುಳುವಿನಲ್ಲಿ ಕೇಪುಳ, ಮಲೆಯಾಳದಲ್ಲಿ ತೆಚ್ಚಿ, ಚೆತ್ತಿ, ಉತ್ತರ ಮಲಬಾರಿನಲ್ಲಿ ಚೆಕ್ಕಿ, ತಮಿಳಿನಲ್ಲಿ ವೆಟ್ಚಿ. ಕಿಸ್ಕಾರದ ‘ಕಿಸು’ ಹಳಗನ್ನಡದಲ್ಲಿ ಕೆಂಪು. ತಮಿಳಿನ ಪ್ರಾಚೀನ ಲಕ್ಷಣಗ್ರಂಥವಾದ ತೊಲ್ಕಾಪ್ಪಿಯಂ, ಶತ್ರುಗಳ ತುರುಗಳನ್ನು ಹಿಡಿದು ತರುವ ಕಾಳಗಕ್ಕೆ ವೆಟ್ಚಿಯೆಂದೇ ಹೆಸರಿಸಿದೆ. ಆ ಕಾಳಗಕ್ಕೆ ಹೊರಟ ವೀರರು ಈ ಹೂವನ್ನು ಮುಡಿಯುತ್ತಿದ್ದರಂತೆ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಕಾಣುವ ತುರುಗಾಳಗವನ್ನು ನೆನೆದಾಗ ಗಡಿಗಳೆಲ್ಲ ಎಷ್ಟು ಈಚಿನವು ಎಂದು ಅನಿಸದಿರದು. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿತು. ಗುಡ್ಡೆಯ ಆಚೆಯ ಕೇಪಳ ಒಂದು ರಾಜ್ಯದ್ದು, ಈಚೆಯದು ಇನ್ನೊಂದರದ್ದು ಎಂದಾಯಿತು. ಗಿಡಕ್ಕೆ ಅದು ತಿಳಿಯದು. ಭೂತದ ಕೋಲಕ್ಕೂ ಅದೇ ಕೇಪಳ, ತೆಯ್ಯಂನ ಅಲಂಕಾರಕ್ಕೂ ಅದೇ ಚೆಕ್ಕಿ. ನಮ್ಮಂತೆ ಎರಡು ಭಾಷೆಗಳ ನಡುವೆ ಬಾಳುವವರು ನಮ್ಮ ನುಡಿಯನ್ನು ಉಳಿಸಿಕೊಳ್ಳುವುದೆಂದರೆ ಪಠ್ಯಪುಸ್ತಕ, ಅರ್ಜಿಗಳ ಭಾಷೆಯನ್ನು ಮಾತ್ರವಲ್ಲ. ಹೆಸರು ಹೇಳಿ ಬೊಟ್ಟು ಮಾಡಿ ತೋರಿಸಬಲ್ಲ ವಸ್ತುವೂ ಕಣ್ಣೆದುರಿಗೆ ಇರಬೇಕು. ಕಾಣದ ಗಿಡದ ಹೆಸರನ್ನು ಎಷ್ಟು ಸಲ ಬಾಯಿಪಾಠ ಮಾಡಿಸಿದರೂ ಅದು ಮಗುವಿನ ನಾಲಗೆಯಲ್ಲಿ ನೆಲೆಸದು.

ಮನೆವಾರ್ತೆಗೂ ಕೇಪಳ ಒದಗುತ್ತದೆ. ಹೂವನ್ನೋ ಎಳೆಯ ಚಿಗುರನ್ನೋ ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿಯೊಡನೆ ಅರೆದು, ಮಜ್ಜಿಗೆ ಬೆರೆಸಿದರೆ ಬೇಸಗೆಗೆ ಹಿತವಾದ ತಂಬುಳಿ. ಹೂವನ್ನು ತೆಂಗಿನೆಣ್ಣೆಯಲ್ಲಿ ಕಾಯಿಸಿ ಶಿಶುಗಳ ಮೈಗೆ ಹಚ್ಚುವ ರೂಢಿ ಹಿರಿಯ ಹೆಂಗಸರಲ್ಲಿ ಇಂದಿಗೂ ಇದೆ. ಔಷಧವಾಗಿ ಹೊಟ್ಟೆಗೆ ಕೊಡುವುದಾದರೆ ಮಾತ್ರ ವೈದ್ಯರನ್ನು ಕೇಳಿಯೇ ಕೊಡಬೇಕು.

ನಮ್ಮ ಶಾಲೆಯ ಆವರಣದ ಒಂದು ಬದಿಯಲ್ಲಿ ಮಕ್ಕಳು ಬೆಳೆಸಿದ ಕೇಪಳದ ಸಾಲಿದೆ. ಪ್ರತಿ ಗಿಡದ ಬುಡದಲ್ಲಿಯೂ ಹಂಚಿನ ತುಂಡಿನ ಮೇಲೆ, ನೆಟ್ಟ ಮಗುವಿನ ಮನೆಯಲ್ಲಿ ಆ ಗಿಡಕ್ಕೆ ಏನೆನ್ನುವರೋ ಅದನ್ನೇ ಬರೆಸಿದ್ದೇವೆ. ಇದಕ್ಕೆ ಹಣ ಬೇಕಾಗಲಿಲ್ಲ, ಆಟಿಯ ಮಳೆ ಮತ್ತು ಎರಡು ಬೇಸಗೆಯ ನೀರು ಬೇಕಾಯಿತು, ಅಷ್ಟೇ. ಓದುಗ ಬಂಧುಗಳೂ ಈ ಮಳೆಗಾಲದಲ್ಲಿ ನಾಲ್ಕು ಗೆಲ್ಲುಗಳನ್ನಾದರೂ ಊರಬೇಕೆಂದು ಕೋರುತ್ತೇವೆ. ಊರುವಾಗ ಮನೆಯ ಮಕ್ಕಳ ಕೈಯಿಂದಲೇ ಊರಿಸಿ. ನಿಮ್ಮ ಮನೆಯ ಅಜ್ಜಿ ಅದಕ್ಕೆ ಬೇರೊಂದು ಹೆಸರು ಹೇಳುತ್ತಿದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿ. ಬಂದ ಹೆಸರುಗಳನ್ನೆಲ್ಲ ಇದೇ ಅಂಕಣದಲ್ಲಿ ಪ್ರಕಟಿಸುವೆವು.